ಹಳೇ ಟ್ಯಾಬ್ ಕೊಳ್ತೀರಾ? ಮೊದಲು ‘ಖಾತೆ’ ನೋಡಿ

ಚೀಟಿ ದುಡ್ಡು ಕೈಗೆ ಬಂದಿದೆ. ಎಂಟು ಸಾವಿರವೋ ಒಂಬತ್ತು ಸಾವಿರವೋ. ಬಂದ ದುಡ್ಡಿಗೆ ದಾರಿ ನೂರು. ಮಿಕ್ಸಿ ಜಾರ್ ಸೋರುತ್ತಿದೆ, ಯಜಮಾನರ ಗಾಡಿಗೆ ಟೈರ್ ಹಾಕಿಸಬೇಕು, ನಾದಿನಿ ಮಗುವಿನ ನಾಮಕರಣ ಬೇರೆ ಹತ್ತಿರ ಬಂತು. ಇದರ ಮಧ್ಯೆ ಎಂಟನೇ ಕ್ಲಾಸಿನ ಮಗಳು, ‘ಅಮ್ಮಾ, ನಿನ್ ಫೋನಲ್ಲಿ ಪಿಡಿಎಫ್ ಓದಿ ಓದಿ ಕಣ್ಣು ಉರಿಯುತ್ತೆ, ನಂಗೊಂದು ಟ್ಯಾಬ್ ಕೊಡ್ಸು’ ಅಂತ ವಾರದಿಂದ ಹಿಂದೆ ಬಿದ್ದಿದ್ದಾಳೆ. ಅವಳು ಹೇಳೋದ್ರಲ್ಲಿ ತಪ್ಪೇನೂ ಇಲ್ಲ ಬಿಡಿ. ಅಂಗೈ ಅಗಲದ ಪರದೆಯಲ್ಲಿ ರೇಖಾಗಣಿತದ ಚಿತ್ರ ನೋಡೋದು ಕಷ್ಟವೇ. ಅದೂ ನಡುವೆ ಹಾಲಿನವನ ಫೋನು, ಸಂಘದ ವಾಟ್ಸ್‌ಆಪ್ ಗ್ರೂಪಿನ ಟಿಂಗ್ ಟಿಂಗ್ ಬೇರೆ!

ಅಂಗಡಿಗೆ ಹೋಗಿ ವಿಚಾರಿಸಿದರೆ, ಹೆಸರಿರುವ ಕಂಪನಿಯ ಸಾಧಾರಣ ಟ್ಯಾಬ್‌ಗೇ ಹತ್ತರಿಂದ ಹದಿನೈದು ಸಾವಿರ ಹೇಳುತ್ತಾರೆ. ಆಗ ಪಕ್ಕದವರೋ, ಅಂಗಡಿಯವನೋ ‘ಸೆಕೆಂಡ್ ಹ್ಯಾಂಡ್ ನೋಡಿ ಮೇಡಂ, ಅರ್ಧ ಬೆಲೆಗೆ ಸಿಗುತ್ತೆ’ ಅನ್ನುತ್ತಾರೆ. ಹೌದು, ಸಿಗುತ್ತದೆ. ಒಳ್ಳೆಯದೂ ಸಿಗುತ್ತದೆ. ಟ್ಯಾಬ್ ಅನ್ನೋದು ಫೋನಿನ ಹಾಗೆ ದಿನಾ ಜೇಬಿನಲ್ಲಿ ಓಡಾಡಿ, ಬಸ್ಸಿನಲ್ಲಿ ಬಿದ್ದು ಸವೆದುಹೋಗುವ ವಸ್ತುವಲ್ಲ. ಎಷ್ಟೋ ಮನೆಗಳಲ್ಲಿ ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಕೊಂಡದ್ದು, ಶಾಲೆ ಶುರುವಾದ ಮೇಲೆ ಬೀರುವಿನಲ್ಲಿ ಮಲಗಿಬಿಟ್ಟಿದೆ. ಹಾಗಾಗಿ ಹಳೇದು ಅಂದ ಕೂಡಲೇ ಮೂಗು ಮುರಿಯಬೇಕಿಲ್ಲ. ಆದರೆ ನೋಡಿ ತಗೊಳ್ಳೋದು ಗೊತ್ತಿರಬೇಕು.

ನಾವು ಸೈಟು ಕೊಳ್ಳುವಾಗ ಏನು ನೋಡ್ತೀವಿ? ಕಾಂಪೌಂಡಿಗೆ ಹೊಡೆದ ಬಣ್ಣವನ್ನಲ್ಲ. ಖಾತೆ ಯಾರ ಹೆಸರಲ್ಲಿದೆ, ಅದರ ಮೇಲೆ ಸಾಲ ಇದೆಯಾ, ತಕರಾರು ಇದೆಯಾ ಅಂತ ನೋಡ್ತೀವಿ. ಟ್ಯಾಬ್‌ಗೂ ಹಾಗೇ ಒಂದು ಖಾತೆ ಉಂಟು. ಅದನ್ನು ನೋಡದೆ, ಗಾಜಿನ ಹೊಳಪು ನೋಡಿ ದುಡ್ಡು ಎಣಿಸಿಕೊಟ್ಟವರೇ ಹೆಚ್ಚಾಗಿ ಮೋಸ ಹೋಗೋದು.

ಬೀಗ ಬಿಡಿಸಿ, ಆಮೇಲೆ ದುಡ್ಡು ಕೊಡಿ

ಯಾವ ಟ್ಯಾಬ್ ಆದರೂ ಮೊದಲ ಸಲ ಆನ್ ಮಾಡಿದಾಗ ಮಾಲೀಕರ ಇ-ಮೇಲ್ ಖಾತೆ ಕೇಳುತ್ತದೆ. ಆಂಡ್ರಾಯ್ಡ್ ಆದರೆ ಗೂಗಲ್ ಖಾತೆ, ಐಪ್ಯಾಡ್ ಆದರೆ ಆಪಲ್ ಖಾತೆ. ಕಳ್ಳರ ಕಾಟ ತಪ್ಪಿಸಲು ಆಪಲ್‌ನವರು 2013ರಿಂದ, ಆಂಡ್ರಾಯ್ಡ್‌ನವರು 2015ರಿಂದ ಈ ಖಾತೆಗೆ ಒಂದು ಬೀಗ ಜೋಡಿಸಿದ್ದಾರೆ. ಟ್ಯಾಬ್ ಕದ್ದವನು ಅದರೊಳಗಿನದ್ದನ್ನೆಲ್ಲ ಅಳಿಸಿ ಹಾಕಿದರೂ, ಮತ್ತೆ ಆನ್ ಮಾಡಿದಾಗ ಅದು ‘ಹಳೇ ಮಾಲೀಕರ ಖಾತೆ, ಪಾಸ್‌ವರ್ಡ್ ಕೊಡು’ ಅಂತ ಹಟ ಹಿಡಿದು ಕೂರುತ್ತದೆ. ಕೊಡದಿದ್ದರೆ ಮುಂದಕ್ಕೆ ಹೋಗುವುದೇ ಇಲ್ಲ.

ಒಳ್ಳೆ ವ್ಯವಸ್ಥೆಯೇ. ಆದರೆ ನೀವು ಕಳ್ಳರಲ್ಲದಿದ್ದರೂ, ಮಾರಿದವರು ತಮ್ಮ ಖಾತೆ ತೆಗೆಯದೆ ಕೊಟ್ಟಿದ್ದರೆ, ಟ್ಯಾಬ್ ನಿಮ್ಮನ್ನೂ ಕಳ್ಳರೆಂದೇ ತಿಳಿಯುತ್ತದೆ! ನಿಮ್ಮ ಕೈಲಿರೋದು ಚಪಾತಿ ಲಟ್ಟಿಸೋಕೂ ಬಾರದ ಗಾಜಿನ ಹಲಗೆ. ಮಾರಿದವರ ಫೋನ್ ಸ್ವಿಚ್ ಆಫ್ ಆಗಿದ್ದರಂತೂ ಮುಗಿಯಿತು.

ಹಾಗಾಗಿ ದುಡ್ಡು ಕೊಡೋ ಮೊದಲು, ಮಾರುವವರ ಎದುರಲ್ಲೇ ಕೂತು ಇಷ್ಟು ಮಾಡಿಸಿ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ‘ಅಕೌಂಟ್ಸ್’ನಲ್ಲಿರುವ ಗೂಗಲ್ ಖಾತೆ ತೆಗೆಯಲಿ. ಸ್ಯಾಮ್‌ಸಂಗ್, ಶಿಯೋಮಿ ಟ್ಯಾಬ್‌ಗಳಲ್ಲಿ ಕಂಪನಿಯದ್ದೇ ಇನ್ನೊಂದು ಖಾತೆಯೂ ಇರಬಹುದು, ಅದನ್ನೂ ತೆಗೆಯಲಿ. ಆಮೇಲೆ ‘ಫ್ಯಾಕ್ಟರಿ ರೀಸೆಟ್’ ಮಾಡಲಿ. ಐಪ್ಯಾಡ್ ಆದರೆ ಸೆಟ್ಟಿಂಗ್ಸ್‌ನ ತುದಿಯಲ್ಲಿ ಅವರ ಹೆಸರಿರುತ್ತದೆ. ಅದನ್ನು ಒತ್ತಿ ‘ಸೈನ್ ಔಟ್’ ಮಾಡಲಿ. ಆಗ ಪಾಸ್‌ವರ್ಡ್ ಕೇಳುತ್ತದೆ, ಅವರೇ ಹಾಕಬೇಕು. ನಂತರ ಎಲ್ಲ ಅಳಿಸಲಿ.

ಕೆಲಸ ಇಷ್ಟಕ್ಕೇ ಮುಗಿಯಲಿಲ್ಲ. ನಿಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಅದಕ್ಕೆ ಟ್ಯಾಬ್ ಜೋಡಿಸಿ, ನಿಮ್ಮದೇ ಖಾತೆ ಹಾಕಿ, ಚಿತ್ರಗಳೆಲ್ಲ ಸಾಲಾಗಿ ಕಾಣುವ ಮೊದಲ ಪುಟ ಬರುವವರೆಗೂ ನೀವೇ ನಡೆಸಿ ನೋಡಿ. ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಹಿಡಿಯಲಿ. ನಡುವೆ ಹಳೇ ಖಾತೆ ಕೇಳಿತೋ, ಐಪ್ಯಾಡ್ ಪರದೆಯಲ್ಲಿ ‘ಲಾಕ್ಡ್ ಟು ಓನರ್’ ಅಂತ ಬಂತೋ, ವಾಪಸ್ ಕೊಟ್ಟು ಎದ್ದು ಬನ್ನಿ.

‘ಪಾಸ್‌ವರ್ಡ್ ನಮ್ಮಣ್ಣಂಗೆ ಗೊತ್ತು, ರಾತ್ರಿ ವಾಟ್ಸ್‌ಆಪ್ ಮಾಡ್ತೀನಿ’ ಅನ್ನುತ್ತಾರೆ. ಒಪ್ಪಬೇಡಿ. ನಿಜವಾಗಿ ಅಣ್ಣನದ್ದೇ ಐಪ್ಯಾಡ್ ಆಗಿದ್ದರೆ, ಅಣ್ಣ ಎಲ್ಲೇ ಇರಲಿ, ಇಂಟರ್‌ನೆಟ್‌ನಲ್ಲಿ ಆಪಲ್‌ನ ಐಕ್ಲೌಡ್ ಪುಟಕ್ಕೆ ಹೋಗಿ ಅದನ್ನು ತನ್ನ ಖಾತೆಯಿಂದ ಅಲ್ಲಿಂದಲೇ ತೆಗೆಯಬಹುದು. ‘ತೆಗೆಸಿ, ಕಾಯ್ತೀನಿ’ ಅನ್ನಿ. ತೆಗೆಸಲು ಆಗದವರು ಯಾಕೆ ಆಗಲ್ಲ ಅನ್ನುತ್ತಾರೆ ಅಂತ ನೀವೇ ಯೋಚಿಸಿ. ಇನ್ನು ಕೆಲವು ಅಂಗಡಿಯವರು ‘ಲಾಕ್ ನಾವೇ ಒಡೆದು ಕೊಡ್ತೀವಿ’ ಅನ್ನುವುದುಂಟು. ಹಾಗೆ ಒಡೆದದ್ದು ಮುಂದಿನ ರೀಸೆಟ್‌ಗೋ, ಅಪ್‌ಡೇಟ್‌ಗೋ ಮತ್ತೆ ಬಂದು ಕೂರಬಹುದು. ಅಲ್ಲದೆ ಬೀಗ ಒಡೆಯಬೇಕಾದ ಮಾಲು ಎಲ್ಲಿಂದ ಬಂತು ಅನ್ನೋ ಪ್ರಶ್ನೆ ಇದ್ದೇ ಇದೆ.

ಮಕ್ಕಳಿಗಾಗಿ ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಬೀಗವಿದೆ. ಕಂಪನಿಗಳು, ಶಾಲೆಗಳು, ಆನ್‌ಲೈನ್ ಟ್ಯೂಷನ್‌ನವರು ಹಂಚಿದ ಟ್ಯಾಬ್‌ಗಳು ಈಗ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತವೆ. ನೋಡಲು ಹೊಸದರಂತಿರುತ್ತವೆ, ಬೆಲೆಯೂ ಕಮ್ಮಿ. ಆದರೆ ಅವುಗಳ ಜುಟ್ಟು ಆ ಸಂಸ್ಥೆಯ ಕೈಯಲ್ಲೇ ಉಳಿದಿರುತ್ತದೆ. ಆನ್ ಮಾಡುವಾಗ ‘ರಿಮೋಟ್ ಮ್ಯಾನೇಜ್‌ಮೆಂಟ್’ ಅಂತಲೋ, ‘ಈ ಸಾಧನವನ್ನು ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಅರ್ಥದ ಸಾಲೋ ಇಂಗ್ಲಿಷಿನಲ್ಲಿ ಬಂದರೆ, ನಿಮಗೆ ಬೇಕಾದ ಆಪ್ ಹಾಕಲು ಬಿಡದೇ ಇರಬಹುದು, ಅವರು ಬಯಸಿದ ದಿನ ಟ್ಯಾಬ್ ನಿಂತೂ ಹೋಗಬಹುದು. ಬೆನ್ನಿನ ಮೇಲೆ ಸರ್ಕಾರಿ ಇಲಾಖೆಯ ಮುದ್ರೆ ಇರುವುದನ್ನಂತೂ ಮುಟ್ಟಲೇಬೇಡಿ.

ಕದ್ದ ಮಾಲಲ್ಲ ತಾನೆ?

ಸಿಮ್ ಹಾಕುವ ಟ್ಯಾಬ್ ಆದರೆ ಪರೀಕ್ಷೆ ಸುಲಭ. ಅದಕ್ಕೆ ಫೋನಿನ ಹಾಗೆ 15 ಅಂಕಿಯ ಐಎಂಇಐ ನಂಬರ್ ಇರುತ್ತದೆ. ಸೆಟ್ಟಿಂಗ್ಸ್‌ನ ‘ಅಬೌಟ್’ನಲ್ಲಿ ಕಾಣುತ್ತದೆ. ನಿಮ್ಮ ಫೋನಿನಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕೇಂದ್ರ ಸರ್ಕಾರದ ‘ಸಂಚಾರ್ ಸಾಥಿ’ಯಲ್ಲೂ ಇದನ್ನೇ ನೋಡಬಹುದು. ಕಳೆದುಹೋಗಿದೆ ಅಂತ ದೂರು ಬಂದು ತಡೆಹಿಡಿದ ನಂಬರ್ ಆಗಿದ್ದರೆ ಗೊತ್ತಾಗುತ್ತದೆ. ಡಬ್ಬದ ಮೇಲಿನ ನಂಬರೂ ಒಳಗಿನ ನಂಬರೂ ಒಂದೇನಾ ಅಂತಲೂ ನೋಡಿ.

ಬರೀ ವೈ-ಫೈ ಟ್ಯಾಬ್‌ಗೆ ಐಎಂಇಐ ಇರುವುದಿಲ್ಲ, ಸೀರಿಯಲ್ ನಂಬರ್ ಮಾತ್ರ. ಅಲ್ಲಿ ಈ ಪರೀಕ್ಷೆ ನಡೆಯದು. ಮೂಲ ಬಿಲ್ಲೇ ಆಧಾರ. ಬಿಲ್ ಇಲ್ಲ ಅಂದರೆ, ಮಾರುವವರ ಹೆಸರು, ವಿಳಾಸ, ಸೀರಿಯಲ್ ನಂಬರ್, ಮೊತ್ತ, ತಾರೀಖು ಬರೆಸಿ ಸಹಿ ಹಾಕಿಸಿಕೊಳ್ಳಿ. ‘ಇಷ್ಟಕ್ಕೆಲ್ಲಾ ಯಾಕಕ್ಕಾ’ ಅಂದರೆ ನಗುನಗುತ್ತಲೇ ‘ನಮ್ಮ ಯಜಮಾನ್ರು ಕೇಳ್ತಾರಪ್ಪ’ ಅನ್ನಿ, ಜಗಳವೇ ಇಲ್ಲ! ಕದ್ದದ್ದು ಅಂತ ಗೊತ್ತಿದ್ದೂ, ಅಥವಾ ಅನುಮಾನಪಡಲು ಕಾರಣವಿದ್ದೂ ಕೊಂಡರೆ, ಕೊಂಡವರ ಮೇಲೂ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಕೇಸಾಗುತ್ತದೆ. ಮೊದಲು ಐಪಿಸಿಯಲ್ಲಿ 411 ಇತ್ತಲ್ಲ, ಅದೇ.

ಇನ್ನೆಷ್ಟು ವರ್ಷ ಬಾಳುತ್ತೆ?

ಟ್ಯಾಬ್ ಒಡೆಯದಿದ್ದರೂ ಮುದಿಯಾಗುತ್ತದೆ. ಕಂಪನಿಯವರು ಕೆಲವು ವರ್ಷ ಅದರ ಸಾಫ್ಟ್‌ವೇರನ್ನು ಹೊಸದು ಮಾಡುತ್ತಾರೆ, ಆಮೇಲೆ ಕೈಬಿಡುತ್ತಾರೆ. ಕೈಬಿಟ್ಟ ಮೇಲೆ ಒಂದೊಂದೇ ಆಪ್ ‘ನಿಮ್ಮ ಸಾಧನಕ್ಕೆ ಇದು ಹೊಂದುವುದಿಲ್ಲ’ ಅನ್ನಲು ಶುರು ಮಾಡುತ್ತದೆ. ಮೂರು ಸಾವಿರಕ್ಕೆ ಸಿಕ್ಕಿತು ಅಂತ ತಂದ ಟ್ಯಾಬಿನಲ್ಲಿ ಮಗಳ ಕ್ಲಾಸಿನ ಆಪ್ ಬರಲೇ ಇಲ್ಲ ಅಂದರೆ ಆ ಮೂರು ಸಾವಿರವೂ ದಂಡ ತಾನೆ?

ಐಪ್ಯಾಡ್‌ನಲ್ಲಿ ಇದರ ಲೆಕ್ಕ ಸ್ಪಷ್ಟ. 2013ರ ಮೊದಲ ಐಪ್ಯಾಡ್ ಏರ್ 12ನೇ ಆವೃತ್ತಿಗೇ ನಿಂತಿದೆ. 2014ರ ಏರ್ 2 ನಿಂತದ್ದು 15ಕ್ಕೆ. 2017ರ ಐದನೇ ತಲೆಮಾರಿನ ಐಪ್ಯಾಡ್ 16ಕ್ಕೆ, 2018ರ ಆರನೆಯದು 17ಕ್ಕೆ, 2019ರ ಏಳನೆಯದು 18ಕ್ಕೆ ನಿಂತವು. 2025ರಲ್ಲಿ ಬಂದ 26ನೇ ಆವೃತ್ತಿ (18 ಆದ ಮೇಲೆ ನೇರ 26 ಅಂತ ಹೆಸರಿಟ್ಟರು, ಗಾಬರಿಯಾಗಬೇಡಿ) ಹಾಕಲು 2020ರ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಬೇಕು. ನನ್ನನ್ನು ಕೇಳಿದರೆ ಕಡಿಮೆ ಬಜೆಟ್ಟಿನವರು ಹುಡುಕಬೇಕಾದ ಐಪ್ಯಾಡ್ 2021ರ ಒಂಬತ್ತನೇ ತಲೆಮಾರಿನದು. ಎಂಟನೆಯದು 32 ಜಿಬಿಯಿಂದ ಶುರುವಾದರೆ, ಇದು 64ರಿಂದ ಶುರು. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುವುದರಿಂದ ಅಂಗಡಿಯವರ ಬಾಯಿಮಾತು ನಂಬಬೇಡಿ, ಸೆಟ್ಟಿಂಗ್ಸ್‌ನಲ್ಲಿ ‘ಜನರಲ್’, ಅದರೊಳಗೆ ‘ಅಬೌಟ್’ ಒತ್ತಿ. ಎಷ್ಟನೇ ತಲೆಮಾರು ಅಂತ ಅದೇ ಹೇಳುತ್ತದೆ.

ಆಂಡ್ರಾಯ್ಡ್ ಟ್ಯಾಬ್‌ಗಳು ನೂರೆಂಟು ಇರುವುದರಿಂದ ಹೀಗೆ ಪಟ್ಟಿ ಮಾಡಿ ಮುಗಿಯದು. ಆದರೆ ಒಂದು ಸುಲಭದ ಉಪಾಯವಿದೆ. ಸೆಟ್ಟಿಂಗ್ಸ್‌ನ ‘ಅಬೌಟ್ ಟ್ಯಾಬ್ಲೆಟ್’ನಲ್ಲಿ ಆಂಡ್ರಾಯ್ಡ್ ಎಷ್ಟನೆಯದು ಅಂತಲೂ, ‘ಸೆಕ್ಯುರಿಟಿ ಪ್ಯಾಚ್’ ಅಥವಾ ‘ಸೆಕ್ಯುರಿಟಿ ಅಪ್‌ಡೇಟ್’ ಎದುರು ಒಂದು ತಾರೀಖೂ ಇರುತ್ತದೆ. ಮಾತ್ರೆ ಪಟ್ಟಿಯ ಮೇಲೆ ತಾರೀಖು ನೋಡ್ತೀರಲ್ಲ, ಹಾಗೇ ನೋಡಿ. ಹೊಸ ಅಪ್‌ಡೇಟ್ ಏನಾದರೂ ಬಾಕಿ ಇದೆಯಾ ಅಂತ ಹುಡುಕಿಸಿದ ಮೇಲೂ ಅದು ಎರಡು ವರ್ಷ ಹಳೆಯದ್ದಾಗಿದ್ದರೆ ಕಂಪನಿ ಅದನ್ನು ಮರೆತಿದೆ ಅಂತಲೇ ಅರ್ಥ. ಆಂಡ್ರಾಯ್ಡ್ 12ಕ್ಕಿಂತ ಕೆಳಗಿನದು ಬೇಡ. ರ‍್ಯಾಮ್ 4 ಜಿಬಿ, ಸ್ಟೋರೇಜ್ 64 ಜಿಬಿ ಇರಲಿ. 2 ಜಿಬಿ ರ‍್ಯಾಮಿನದ್ದು ಒಂದು ಪುಟ ತಿರುಗಿಸಲು ಎಷ್ಟು ಹೊತ್ತು ತಗೊಳ್ಳುತ್ತೆ ಅಂದರೆ, ಅಷ್ಟರಲ್ಲಿ ಒಂದು ಲೋಟ ಕಾಫಿ ಸೋಸಿಕೊಂಡು ಬರಬಹುದು.

ಹೆಸರೇ ಕೇಳಿರದ ಕಂಪನಿಯ ಟ್ಯಾಬ್ ಮೇಲೆ 8 ಜಿಬಿ, 256 ಜಿಬಿ ಅಂತ ಸ್ಟಿಕರ್ ಹಚ್ಚಿ ಮೂರು ನಾಲ್ಕು ಸಾವಿರಕ್ಕೆ ಮಾರುವುದನ್ನು ಕಂಡರೆ ದೂರ ಇರಿ. ಸ್ಟಿಕರ್ ಹಚ್ಚೋಕೆ ಖರ್ಚೇನೂ ಇಲ್ಲ.

ಅಮೆರಿಕದಿಂದ ಬಂದ ಭಾವನೋ, ಅಕ್ಕನ ಮಗನೋ ಕೊಡುವ ಟ್ಯಾಬ್ ಬಗ್ಗೆಯೂ ಒಂದು ಮಾತು. ಅದು ಅಮೆಜಾನ್ ಕಂಪನಿಯ ‘ಫೈರ್’ ಟ್ಯಾಬ್ ಆಗಿದ್ದರೆ ಅದರಲ್ಲಿ ಗೂಗಲ್ ಪ್ಲೇ ಸ್ಟೋರ್ ಇರುವುದಿಲ್ಲ. ಸಿನಿಮಾ ನೋಡಲು, ಪುಸ್ತಕ ಓದಲು ಚೆನ್ನ. ಆದರೆ ನಮ್ಮ ಮಕ್ಕಳ ಪಾಠದ ಆಪ್‌ಗಳನ್ನು ನೇರವಾಗಿ ಹಾಕಲು ಬರುವುದಿಲ್ಲ. ಸಿಮ್ ಹಾಕುವ ಐಪ್ಯಾಡ್ ಆಗಿದ್ದರೆ, ‘ಅಬೌಟ್’ನಲ್ಲಿ ‘ಕ್ಯಾರಿಯರ್ ಲಾಕ್’ ಎದುರು ‘ನೋ ಸಿಮ್ ರೆಸ್ಟ್ರಿಕ್ಷನ್ಸ್’ ಅಂತ ಇರಬೇಕು. ಇಲ್ಲದಿದ್ದರೆ ನಮ್ಮೂರಿನ ಸಿಮ್ ಅದರಲ್ಲಿ ಕೆಲಸ ಮಾಡದು, ವೈ-ಫೈ ಒಂದೇ ಗತಿ. ಪುಕ್ಕಟೆ ಕೊಟ್ಟರೆ ಬೇಡ ಅನ್ನಬೇಡಿ ಮತ್ತೆ!

ಅಂಗಡಿಯಲ್ಲಿ ಅರ್ಧ ಗಂಟೆ

ಟ್ಯಾಬನ್ನು ಸಮತಟ್ಟಾದ ಮೇಜಿನ ಮೇಲೆ ಮಲಗಿಸಿ. ತೊಟ್ಟಿಲ ಹಾಗೆ ಅಲ್ಲಾಡಿದರೆ, ಅಂಚಿನಲ್ಲಿ ಗಾಜು ಎದ್ದಿದ್ದರೆ, ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಊದಿದ ಬ್ಯಾಟರಿ ಬೆಂಕಿಗೆ ಆಹ್ವಾನ. ಎಷ್ಟೇ ಕಮ್ಮಿಗೆ ಕೊಟ್ಟರೂ ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ.

ಆಮೇಲೆ ಬ್ಯಾಟರಿಯ ದಮ್ಮು ನೋಡಿ. ಬೆಳಕು ಪೂರ್ತಿ ಏರಿಸಿ, ಶೇಕಡಾ ಎಷ್ಟಿದೆ ಅಂತ ನೋಡಿಕೊಂಡು, ಇಪ್ಪತ್ತು ನಿಮಿಷ ಯೂಟ್ಯೂಬ್‌ನಲ್ಲಿ ಏನಾದರೂ ಹಾಕಿಬಿಡಿ. ಗಟ್ಟಿ ಬ್ಯಾಟರಿ ಆದರೆ ನಾಲ್ಕೈದು ಶೇಕಡಾ ಇಳಿಯಬಹುದು. ಹತ್ತು ಇಳಿದರೆ ಸುಸ್ತಾಗಿದೆ ಅಂತ. ಎಂಬತ್ತರಿಂದ ಥಟ್ಟನೆ ಅರವತ್ತಕ್ಕೆ ಜಿಗಿದರೆ ಬಿಟ್ಟೇಬಿಡಿ. ಬ್ಯಾಟರಿ ಬದಲಾಯಿಸಬಹುದು ಅನ್ನುತ್ತಾರೆ, ನಿಜ. ಆದರೆ ಟ್ಯಾಬ್‌ನ ಬ್ಯಾಟರಿ ಬದಲಾಯಿಸಲು ಅಂಟಿಸಿದ ಗಾಜನ್ನೋ ಬೆನ್ನನ್ನೋ ಬಿಚ್ಚಬೇಕು, ಕೂಲಿ ಸೇರಿ ಖರ್ಚು ಕಮ್ಮಿಯಾಗುವುದಿಲ್ಲ. ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಒಪ್ಪಿದರೆ ಮಾತ್ರ ಮುಂದುವರಿಯಿರಿ.

ಯೂಟ್ಯೂಬ್ ಓಡುತ್ತಿರುವಾಗಲೇ ಚಾರ್ಜರ್ ಪಿನ್ ಹಾಕಿ ಮೆಲ್ಲಗೆ ಆಚೀಚೆ ಅಲ್ಲಾಡಿಸಿ. ಚಾರ್ಜ್ ಬಂದು ಹೋಗಿ ಮಾಡಬಾರದು. ಫೋನಿಗೆ ಟೈಪ್-ಸಿ ಚಾರ್ಜರ್ ಇರುವ ಮನೆಗೆ ಟೈಪ್-ಸಿ ಟ್ಯಾಬೇ ಬಂದರೆ ಒಂದು ವೈರು ಕಮ್ಮಿ. ಪರದೆ ಪರೀಕ್ಷೆಗೆ, ಒಂದು ಆಪ್‌ನ ಚಿತ್ರವನ್ನು ಬೆರಳಲ್ಲಿ ಒತ್ತಿ ಹಿಡಿದು ರಂಗೋಲಿ ಎಳೆ ಎಳೆದ ಹಾಗೆ ಮೂಲೆಯಿಂದ ಮೂಲೆಗೆ, ಸಾಲುಸಾಲಾಗಿ ಎಳೆಯಿರಿ. ಎಲ್ಲಾದರೂ ಕೈಬಿಟ್ಟು ಜಾರಿದರೆ ಆ ಜಾಗದಲ್ಲಿ ಟಚ್ ಸತ್ತಿದೆ. ಬಿಳಿ ಬಣ್ಣದ ಪುಟ ತೆರೆದು ಕಲೆ, ನೆರಳು ಇದೆಯಾ ನೋಡಿ. ಕೊನೆಗೆ ಅಲ್ಲಿಂದಲೇ ತಂಗಿಗೋ ಗೆಳತಿಗೋ ಒಂದು ವಿಡಿಯೊ ಕಾಲ್ ಮಾಡಿ. ಕ್ಯಾಮೆರಾ, ಮೈಕು, ಸ್ಪೀಕರ್, ವೈ-ಫೈ ನಾಲ್ಕೂ ಒಂದೇ ಏಟಿಗೆ ಗೊತ್ತಾಗುತ್ತದೆ. ಟ್ಯಾಬ್ ಹೇಗಿದೆ ಅಂತ ಅವಳ ಅಭಿಪ್ರಾಯವೂ ಸಿಗುತ್ತದೆ.

ಇನ್ನು ಬೆಲೆ. ಅದೇ ಮಾದರಿ, ಅಥವಾ ಈಗ ಅದರ ಜಾಗದಲ್ಲಿ ಮಾರುತ್ತಿರುವ ಮಾದರಿ, ಹೊಸದು ಇವತ್ತು ಎಷ್ಟು ಅಂತ ಫೋನಿನಲ್ಲೇ ನೋಡಿ. ಅರ್ಧಕ್ಕಿಂತ ಹೆಚ್ಚು ಕೇಳಿದರೆ, ವಾರಂಟಿಯೂ ಇಲ್ಲ ಅಂದರೆ, ಇನ್ನೆರಡು ತಿಂಗಳು ತಡೆದು ಹೊಸದನ್ನೇ ತಗೊಳ್ಳೋದು ವಾಸಿ. ‘ಕೊಂಡಾಗ ಇಪ್ಪತ್ತೆಂಟು ಸಾವಿರ ಕೊಟ್ಟಿದ್ವಿ’ ಅನ್ನುವ ಕಥೆ ನಮಗೆ ಬೇಕಿಲ್ಲ. ಚೌಕಾಸಿ ಮಾಡೋದನ್ನ ನಿಮಗೆ ನಾನು ಹೇಳಿಕೊಡಬೇಕಾ?

ಯಾರ ಹತ್ರ ತಗೊಳ್ಳೋದು?

ಮೊದಲ ಆಯ್ಕೆ ಗೊತ್ತಿರುವವರು. ಸಂಘದ ಗ್ರೂಪಿನಲ್ಲಿ, ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ‘ಯಾರ ಮನೇಲಾದ್ರೂ ಉಪಯೋಗಿಸದ ಟ್ಯಾಬ್ ಇದ್ಯಾ’ ಅಂತ ಒಂದು ಸಾಲು ಹಾಕಿ ನೋಡಿ. ಬೀರುವಿನಲ್ಲಿ ಮಲಗಿರುವುದು ಎದ್ದು ಬಂದರೂ ಬಂತು.

ಎರಡನೆಯದು, ಹಳೆಯದನ್ನು ಪರೀಕ್ಷಿಸಿ, ರಿಪೇರಿ ಮಾಡಿ, ಬಿಲ್ ಮತ್ತು ವಾರಂಟಿ ಕೊಟ್ಟು ಮಾರುವವರು. ‘ರಿಫರ್ಬಿಶ್ಡ್’ ಅಂತಾರಲ್ಲ, ಅದು. ಸಾವಿರ ಹೆಚ್ಚಾದರೂ ಟ್ಯಾಬ್ ಕೆಟ್ಟರೆ ಕೇಳಲು ಒಬ್ಬರಿರುತ್ತಾರೆ. ವಾರಂಟಿ ಎಷ್ಟು ತಿಂಗಳು, ಬ್ಯಾಟರಿಗೂ ಇದೆಯಾ, ಇಷ್ಟವಾಗದಿದ್ದರೆ ಎಷ್ಟು ದಿನದೊಳಗೆ ಹಿಂತಿರುಗಿಸಬಹುದು ಅನ್ನುವುದನ್ನು ಓದಿಯೇ ಕೊಳ್ಳಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ. ಅಲ್ಲಿಗೆ ಹೋಗುವುದಾದರೆ ಒಂದೇ ಅಂಗಡಿಯಲ್ಲಿ ಕೂರಬೇಡಿ, ನಾಲ್ಕು ಕಡೆ ಬೆಲೆ ಕೇಳಿ, ಮೇಲೆ ಹೇಳಿದ ಪರೀಕ್ಷೆಗೆ ಒಪ್ಪದ ಅಂಗಡಿಯಿಂದ ಇಳಿದುಬಿಡಿ.

ಮೂರನೆಯದು ಆನ್‌ಲೈನ್ ಜಾಹೀರಾತು ನೋಡಿ ಅಪರಿಚಿತರಿಂದ ಕೊಳ್ಳೋದು. ಇಲ್ಲಿ ಎಚ್ಚರ ಬೇಕು. ಹಗಲು ಹೊತ್ತು, ನಾಲ್ಕು ಜನ ಓಡಾಡುವ ದರ್ಶಿನಿಯಲ್ಲೋ ಮಾಲ್‌ನಲ್ಲೋ ಭೇಟಿಯಾಗಿ. ಒಬ್ಬರೇ ಹೋಗಬೇಡಿ, ಅವರನ್ನು ಮನೆಗೂ ಕರೆಯಬೇಡಿ. ‘ನಾನು ಮಿಲಿಟರಿಯಲ್ಲಿದ್ದೀನಿ, ವರ್ಗಾವಣೆ ಆಗಿದೆ, ಅರ್ಧ ದುಡ್ಡು ಹಾಕಿ ಕೊರಿಯರ್ ಮಾಡ್ತೀನಿ’ ಅನ್ನೋದು ವಂಚಕರ ಹಳೇ ವರಸೆ. ವಸ್ತು ಕೈಗೆ ಬರುವ ಮುನ್ನ ಅಡ್ವಾನ್ಸ್ ಕೊಡಬೇಡಿ. ನಿಮ್ಮ ಹಳೇ ಫೋನ್ ಮಾರಿ ದುಡ್ಡು ಹೊಂದಿಸುವವರಿದ್ದರೆ ಇದನ್ನೂ ಕೇಳಿ. ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮಗೆ ದುಡ್ಡು ಬರುತ್ತೆ’ ಅಂದರೆ ಅದು ಮೋಸ. ಯುಪಿಐ ಪಿನ್ ಇರುವುದು ದುಡ್ಡು ಕೊಡಲು, ತಗೊಳ್ಳಲು ಪಿನ್ ಬೇಕಿಲ್ಲ. ಆಗಲೇ ದುಡ್ಡು ಹೋಗಿದ್ದರೆ ನಾಳೆ ಅನ್ನದೆ ತಕ್ಷಣ 1930ಕ್ಕೆ ಫೋನ್ ಮಾಡಿ. ಫೋನ್ ಕೈಬಿಡುವ ಮುಂಚೆ ನಿಮ್ಮ ಖಾತೆ ತೆಗೆದು, ಮೆಮೊರಿ ಕಾರ್ಡ್, ಸಿಮ್ ಎತ್ತಿಟ್ಟುಕೊಂಡು, ರೀಸೆಟ್ ಮಾಡಿ ಕೊಡಿ. ಮಕ್ಕಳ ಫೋಟೊ, ನಿಮ್ಮ ಫೋಟೊ ಊರವರ ಕೈಗೆ ಯಾಕೆ?

ಮನೆಗೆ ತಂದ ಮೇಲೆ

ಟ್ಯಾಬ್‌ಗೆ ನಿಮ್ಮ ಬ್ಯಾಂಕಿನ ಫೋನ್ ನಂಬರ್ ಜೋಡಿಸಿದ ಖಾತೆ ಹಾಕಿ ಮಗುವಿನ ಕೈಗೆ ಕೊಡಬೇಡಿ. ಅಂಗಡಿಯಲ್ಲಿ ಪರೀಕ್ಷೆಗೆ ಹಾಕಿದ ನಿಮ್ಮ ಖಾತೆ ತೆಗೆದು, ಮಗುವಿನ ಹೆಸರಲ್ಲಿ ಖಾತೆ ಮಾಡಿ. ಆಂಡ್ರಾಯ್ಡ್‌ನಲ್ಲಿ ಗೂಗಲ್‌ನ ‘ಫ್ಯಾಮಿಲಿ ಲಿಂಕ್’ ಆಪ್ ಇದೆ, ದುಡ್ಡಿಲ್ಲ. ದಿನಕ್ಕೆ ಎಷ್ಟು ಹೊತ್ತು, ಯಾವ ಆಪ್, ರಾತ್ರಿ ಎಷ್ಟಕ್ಕೆ ಬಂದ್ ಅನ್ನುವುದನ್ನು ನಿಮ್ಮ ಫೋನಿನಿಂದಲೇ ನಿಗದಿ ಮಾಡಬಹುದು. ಐಪ್ಯಾಡ್‌ನಲ್ಲಿ ಅದಕ್ಕೆ ‘ಸ್ಕ್ರೀನ್ ಟೈಮ್’ ಅಂತ ಹೆಸರು. ಪಠ್ಯಪುಸ್ತಕದಲ್ಲಿ ಕ್ಯೂಆರ್ ಚೌಕ ಇದ್ದರೆ ‘ದೀಕ್ಷಾ’ ಆಪ್ ಹಾಕಿಕೊಡಿ, ಅದೂ ಉಚಿತ. ದಿಂಬಿನ ಕೆಳಗಿಟ್ಟು ಚಾರ್ಜ್ ಹಾಕುವ ಅಭ್ಯಾಸ ಮಕ್ಕಳಿಗೆ ಮೊದಲ ದಿನದಿಂದಲೇ ಬೇಡ.

ಮೊದಲ ವಾರ ಟ್ಯಾಬನ್ನು ಚೆನ್ನಾಗಿ ದುಡಿಸಿ. ದೋಷ ಏನಿದ್ದರೂ ಹಿಂತಿರುಗಿಸುವ ಅವಧಿಯೊಳಗೇ ಹೊರಗೆ ಬರಲಿ. ಹಳೇ ಮಾದರಿಗಳಿಗೆ ಕವರ್ ಸಿಗುವುದು ಕಷ್ಟ, ಆದ್ದರಿಂದ ಟ್ಯಾಬ್ ಕೊಂಡ ಅಂಗಡಿಯಲ್ಲೇ ಅದಕ್ಕೆ ಸರಿಹೊಂದುವ ಕವರ್ ಕೇಳಿ ತನ್ನಿ. ಬಿಲ್ ನುಣುಪು ಕಾಗದದ್ದಾಗಿದ್ದರೆ ಆರು ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಅವತ್ತೇ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡು, ಬಿಲ್ಲನ್ನು ರೇಷನ್ ಕಾರ್ಡ್ ಇಡುವ ಫೈಲಿನಲ್ಲೇ ಇಡಿ.